ಮಾತ್ರೆಯ ಹರಳಿನ ಮೇಲೆ ದ್ರಾವಕದ ಪ್ರಭಾವ: ಸಾರ್ವಜನಿಕರ ತಿಳುವಳಿಕೆಗಾಗಿ

ಪೀಠಿಕೆ

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವು ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒಳಗೊಂಡಿದೆ. ಮೂರ್ಛೆರೋಗ ಮೊದಲಾದ ದೀರ್ಘಕಾಲದ ಕಾಯಿಲೆಗಳಿಗೆ ಚಿಕಿತ್ಸೆ ಪಡೆಯುವವರು ತಿಂಗಳಿಗೆ ಬೇಕಾಗುವ ಮಾತ್ರೆಗಳನ್ನು ಒಮ್ಮೆಗೇ ಪಡೆದು ಮನೆಯಲ್ಲಿ ಇರಿಸಿಕೊಳ್ಳುವುದುಂಟು. ಮಾತ್ರೆಯಲ್ಲಿ ಔಷಧದ ಪ್ರಮಾಣ ಸರಿಯಾಗಿದ್ದರೂ ಅದರ ಹರಳಿನ ರೂಪ ಬದಲಾದರೆ ಗುಣ ಕುಗ್ಗಬಹುದು. ಇದರ ಕಾರಣವನ್ನೂ, ಸಾರ್ವಜನಿಕರಿಗೆ ಲಭ್ಯವಿರುವ ಪರೀಕ್ಷಾ ಸೌಲಭ್ಯವನ್ನೂ ಇಲ್ಲಿ ವಿವರಿಸಲಾಗಿದೆ.

1. ಹರಳು ಮೂಡುವ ಬಗೆ

ಸಕ್ಕರೆಯ ಪಾಕ ತಣಿದಾಗ ಅದರಲ್ಲಿ ಇಳಿಬಿಟ್ಟ ದಾರದ ಮೇಲೆ ಕಲ್ಲುಸಕ್ಕರೆ ಕಟ್ಟುತ್ತದೆ. ಔಷಧ ತಯಾರಿಕೆಯಲ್ಲಿಯೂ ಇದೇ ತತ್ತ್ವವಿದೆ. ಔಷಧವನ್ನು ಮದ್ಯಸಾರ, ಅಸಿಟೋನ್ ಅಥವಾ ನೀರಿನಂತಹ ದ್ರಾವಕದಲ್ಲಿ ಕರಗಿಸಿ ತಣಿಸಿದಾಗ ದ್ರಾವಣವು ಅತಿಪರ್ಯಾಪ್ತವಾಗುತ್ತದೆ. ಅಂದರೆ, ಹಿಡಿದಿಡಬಲ್ಲ ಪ್ರಮಾಣಕ್ಕಿಂತ ಹೆಚ್ಚಿನ ಔಷಧ ಅದರಲ್ಲಿರುತ್ತದೆ. ಆಗ ಅಣುಗಳು ಗುಂಪುಗೂಡಿ ಸೂಕ್ಷ್ಮವಾದ ಹರಳಿನ ಬೀಜಗಳಾಗುತ್ತವೆ. ಈ ಕ್ರಿಯೆಗೆ ನ್ಯೂಕ್ಲಿಯೇಶನ್ ಎಂದು ಹೆಸರು. ತೀರಾ ಚಿಕ್ಕ ಗುಂಪುಗಳು ಮರಳಿ ಕರಗಿಹೋಗುತ್ತವೆ. ನಿರ್ದಿಷ್ಟ ಗಾತ್ರವನ್ನು ಮೀರಿದವು ಹರಳಾಗಿ ಬೆಳೆಯುತ್ತವೆ.

2. ದ್ರಾವಕದ ಪಾತ್ರ

ದ್ರಾವಕದ ಅಣುಗಳು ಔಷಧದ ಅಣುಗಳನ್ನು ಬಿಗಿಯಾಗಿ ಹಿಡಿದಿದ್ದರೆ ಬೀಜ ಮೂಡುವುದು ಸಾಮಾನ್ಯವಾಗಿ ತಡವಾಗುತ್ತದೆ. ಔಷಧದ ಅಣುಗಳು ಯಾವ ಬದಿಯಿಂದ ಪರಸ್ಪರ ಜೋಡಿಯಾಗುತ್ತವೆ ಎಂಬುದರ ಮೇಲೂ ದ್ರಾವಕದ ಪ್ರಭಾವವಿರುತ್ತದೆ. ಆದ್ದರಿಂದ ಒಂದೇ ಔಷಧವು ಬೇರೆ ಬೇರೆ ದ್ರಾವಕಗಳಿಂದ ಬೇರೆ ಬೇರೆ ರೂಪದ ಹರಳುಗಳಾಗಬಹುದು. ಇದನ್ನು ಬಹುರೂಪತೆ ಎನ್ನುತ್ತಾರೆ. ಎಚ್‌ಐವಿ ಚಿಕಿತ್ಸೆಯ ರಿಟೊನಾವಿರ್ ಔಷಧದಲ್ಲಿ 1998ರಲ್ಲಿ, ಮೊದಲು ಕಂಡಿರದ, ಕಡಿಮೆ ಕರಗುವ ಹರಳಿನ ರೂಪ ಕಾಣಿಸಿಕೊಂಡ ಕಾರಣ ಅದರ ಕ್ಯಾಪ್ಸೂಲ್‌ಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಬೇಕಾಯಿತು.

3. ತೇವಾಂಶದಿಂದಾಗುವ ಬದಲಾವಣೆ

ಮೂರ್ಛೆರೋಗಕ್ಕೆ ನೀಡಲಾಗುವ ಕಾರ್ಬಮಜೆಪಿನ್ ಇದಕ್ಕೆ ಉತ್ತಮ ನಿದರ್ಶನ. ನೀರಿಲ್ಲದ ಮದ್ಯಸಾರದಿಂದ ಇದು ಜಲರಹಿತ ಹರಳಾಗುತ್ತದೆ. ನೀರು ಹೆಚ್ಚಿರುವ ದ್ರಾವಣದಲ್ಲಿ ಪ್ರತಿಯೊಂದು ಅಣುವಿನೊಡನೆ 2 ನೀರಿನ ಅಣುಗಳು ಸೇರಿದ ಹರಳು ಮೂಡುತ್ತದೆ. ಇದು ನೀರಿನಲ್ಲಿ ಕಡಿಮೆ ಕರಗುತ್ತದೆ. ಸಿದ್ಧ ಮಾತ್ರೆಯು ಬಹಳ ತೇವಕ್ಕೆ ಒಡ್ಡಿಕೊಂಡಾಗಲೂ ಇಂತಹ ಬದಲಾವಣೆ ಉಂಟಾಗಿ, ಮಾತ್ರೆ ಗಟ್ಟಿಯಾಗಿ, ಹೊಟ್ಟೆಯಲ್ಲಿ ನಿಧಾನವಾಗಿ ಕರಗಬಹುದು. ತೇವದಲ್ಲಿಟ್ಟ ಈ ಮಾತ್ರೆಗಳು ತಮ್ಮ ಪರಿಣಾಮದ ಮೂರನೆಯ ಒಂದು ಭಾಗದವರೆಗೆ ಕಳೆದುಕೊಳ್ಳಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1990ರಲ್ಲಿ ಎಚ್ಚರಿಸಿತು. ಅಂದರೆ, ಔಷಧವನ್ನು ತಪ್ಪದೆ ಸೇವಿಸುತ್ತಿದ್ದರೂ ರೋಗಿಗೆ ಮೂರ್ಛೆ ಮರುಕಳಿಸುವ ಸಂಭವವಿದೆ.

4. ಮನೆಯಲ್ಲಿ ವಹಿಸಬೇಕಾದ ಎಚ್ಚರಿಕೆ

ಈ ನಾಲ್ಕು ತಾಲ್ಲೂಕುಗಳು ಒಣ ಹವೆಯ ಪ್ರದೇಶಗಳಾದರೂ ಸ್ನಾನದ ಮನೆ, ಅಡುಗೆಯ ಒಲೆಯ ಬಳಿ ಹಾಗೂ ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಗೂಡುಗಳಲ್ಲಿ ತೇವಾಂಶವಿರುತ್ತದೆ.

ಅ) ಮಾತ್ರೆಗಳನ್ನು ಮೂಲ ಪಟ್ಟಿಯಲ್ಲಿಯೇ ಇರಿಸತಕ್ಕದ್ದು, ಮುಂಚಿತವಾಗಿ ಬಿಡಿಸಿ ಕಾಗದದ ಪೊಟ್ಟಣದಲ್ಲಿ ಇಡಬಾರದು.
ಆ) ಡಬ್ಬಿಯಲ್ಲಿ ನೀಡಿದ ಮಾತ್ರೆಗಳಾದರೆ ಮುಚ್ಚಳವನ್ನು ಬಿಗಿಯಾಗಿ ಮುಚ್ಚತಕ್ಕದ್ದು.
ಇ) ಖರೀದಿಯ ರಸೀದಿಯನ್ನು ಕಾಯ್ದಿರಿಸಿಕೊಳ್ಳತಕ್ಕದ್ದು.

5. ಪರೀಕ್ಷೆಗೆ ಅರ್ಜಿ

ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 1940ರ ಕಲಂ 26ರ ಅನ್ವಯ ಯಾವುದೇ ವ್ಯಕ್ತಿ ಅಥವಾ ಮಾನ್ಯತೆ ಪಡೆದ ಗ್ರಾಹಕರ ಸಂಘವು ತಾನು ಖರೀದಿಸಿದ ಔಷಧವನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳಬಹುದು. ನಮೂನೆ 14-ಎ ಯಲ್ಲಿ ಅರ್ಜಿಯನ್ನು ಭರ್ತಿ ಮಾಡಿ, ನಿಗದಿತ ಶುಲ್ಕದೊಂದಿಗೆ ಸಲ್ಲಿಸತಕ್ಕದ್ದು. ವಿಶ್ಲೇಷಕರು ಸಹಿ ಮಾಡಿದ ವರದಿಯನ್ನು ನಮೂನೆ 14-ಬಿ ಯಲ್ಲಿ ಅರ್ಜಿದಾರರಿಗೆ ನೀಡಲಾಗುತ್ತದೆ. ಮಾತ್ರೆಯು ನಿಧಾನವಾಗಿ ಕರಗುತ್ತಿದೆ ಎಂಬ ಸಂಶಯವಿದ್ದಲ್ಲಿ ಅದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸುವುದು ಸೂಕ್ತ.

ಸೂಚನೆ: ಔಷಧದ ಗುಣಮಟ್ಟದ ಬಗ್ಗೆ ಸಂಶಯ ಬಂದ ಮಾತ್ರಕ್ಕೆ ರೋಗಿಗಳು ಚಿಕಿತ್ಸೆಯನ್ನು ತಾವಾಗಿಯೇ ನಿಲ್ಲಿಸಬಾರದು. ಮೂರ್ಛೆರೋಗದ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸುವುದು ಅಪಾಯಕರ. ಕೂಡಲೇ ವೈದ್ಯರನ್ನು ಕಂಡು ಸಲಹೆ ಪಡೆಯುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.