ಬೆಳಕಿನ ಹದ

ಡಿಜಿಟಲ್ ಕ್ಯಾಮೆರಾ ಈಗ ನಮ್ಮ ಸಂಘದ ಅನೇಕ ಮನೆಗಳಲ್ಲಿದೆ. ಹಬ್ಬ, ನಾಮಕರಣಗಳ ಚಿತ್ರಗಳು ಊರಿಗೂ ಹೋಗುತ್ತವೆ. ಅವುಗಳಲ್ಲಿ ಎಷ್ಟೋ ಬೆಳಕಿನ ಹದ ತಪ್ಪಿ ಕೆಟ್ಟಿರುವುದನ್ನು ನಾವು ಕಾಣುತ್ತೇವೆ.

ಕಾರಣ ಸರಳ. ಎದುರಿನ ದೃಶ್ಯದಲ್ಲಿ ನಮಗೆ ಯಾವುದು ಮುಖ್ಯವೆಂಬುದನ್ನು ಕ್ಯಾಮೆರಾದ ಬೆಳಕಿನ ಮಾಪಕವು ಅರಿಯದು. ಬಹುಮಟ್ಟಿಗೆ ಎಲ್ಲವನ್ನೂ ಸರಾಸರಿ ಮಾಡಿ ನಡುಬೂದು ಬಣ್ಣಕ್ಕೆ ತರುತ್ತದೆ. ಆದುದರಿಂದಲೇ ಬಿಳಿಯ ಪಂಚೆ ಮಾಸಿದಂತೆಯೂ ಕರಿಕಲ್ಲಿನ ವಿಗ್ರಹ ಬೂದಿ ಬಳಿದಂತೆಯೂ ಕಾಣುವುದು. ಕೂಡು–ಕಳೆ ಚಿಹ್ನೆಯ ಗುಂಡಿ ಇರುವುದು ಇದಕ್ಕಾಗಿಯೇ. ಚಿತ್ರದ ತುಂಬ ಬಿಳಿಯಿದ್ದರೆ ಒಂದು ‘ಸ್ಟಾಪ್’ ಕೂಡಿಸಬೇಕು, ಕಪ್ಪಿದ್ದರೆ ಒಂದು ಕಳೆಯಬೇಕು. ಒಂದು ಸ್ಟಾಪ್ ಕೂಡಿಸಿದರೆ ಬೆಳಕು ಎರಡರಷ್ಟು. ಷಟರ್ 1/60 ಸೆಕೆಂಡಿಗೆ ಬದಲಾಗಿ 1/30 ಸೆಕೆಂಡು ತೆರೆದಿದ್ದಂತೆ.

ಮಾದಾಪುರದ ದುರ್ಗಂ ಚೆರುವಿನ ಮೇಲೆ 2020ರಲ್ಲಿ ತೆರೆದ ಕೇಬಲ್ ಸೇತುವೆಯ ಬಳಿ ಚಿತ್ರ ತೆಗೆಯದವರು ವಿರಳ. ಸಂಜೆಯ ಹೊಳೆಯುವ ಆಕಾಶಕ್ಕೆ ಬೆನ್ನು ಮಾಡಿ ಅಜ್ಜಿಯನ್ನು ನಿಲ್ಲಿಸಿದರೆ ಮುಖ ಕಪ್ಪಾಗುತ್ತದೆ. ಬೆಳಕು ಕೂಡಿಸಿದರೆ ಮುಖ ತಿಳಿಯಾಗಿ, ಆಕಾಶ ಬೆಳ್ಳಗೆ ಅಳಿಸಿಹೋಗುತ್ತದೆ. ಪೂರ್ತಿ ಅಳಿದುದನ್ನು ಕಂಪ್ಯೂಟರಿನಲ್ಲಿಯೂ ಮರಳಿ ಪಡೆಯಲಾಗದು. ಎರಡೂ ಬೇಕೆಂದರೆ ಹತ್ತಿರ ನಿಂತು ಫ್ಲಾಷ್ ಹಾಕಿರಿ. ಒಂದೇ ಸಾಧ್ಯವೆಂದಾಗ ಮುಖವನ್ನೇ ಉಳಿಸಿಕೊಳ್ಳಿರಿ. ಸೇತುವೆ ಮುಂದಿನ ವಾರವೂ ಇರುತ್ತದೆ; ಹಿರಿಯರು ಊರಿಗೆ ಹೊರಟಿರುತ್ತಾರೆ.

ತೆಗೆದ ಕೂಡಲೇ ಪರದೆಯ ಮೇಲಿನ ಹಿಸ್ಟೋಗ್ರಾಂ ನಕ್ಷೆಯನ್ನು ನೋಡುವುದು ಒಳ್ಳೆಯದು. ಅದು ಬಲದ ಅಂಚಿಗೆ ಒತ್ತಿಕೊಂಡಿದ್ದರೆ ಬೆಳಕು ಹೆಚ್ಚಾಗಿರುತ್ತದೆ. ಎಡಕ್ಕೆ ಒತ್ತಿಕೊಂಡಿದ್ದರೆ ಕಡಿಮೆಯಾಗಿರುತ್ತದೆ. ಫಿಲ್ಮಿನ ಖರ್ಚು ಈಗಿಲ್ಲ. ಇನ್ನೊಮ್ಮೆ ತೆಗೆಯಲು ಸಂಕೋಚವೇಕೆ?