ಚಿಕಾಗೋ ನಗರದ ಜಲಗೋಪುರ

ಸಂಸ್ಕೃತದಲ್ಲಿ ನೀರಿಗೆ ‘ಜೀವನ’ವೆಂಬ ಹೆಸರೂ ಉಂಟು. ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದ ಕಾಲದಲ್ಲಿ ನಾವು ಈ ಪದವನ್ನು ಎಷ್ಟು ಸಲ ಹೇಳಿಕೊಟ್ಟೆವೋ ಲೆಕ್ಕವಿಲ್ಲ. ಆದರೆ ಅದರ ಪೂರ್ಣಾರ್ಥವು ನಮಗೆ ಮನದಟ್ಟಾದುದು ದೂರದ ಅಮೆರಿಕಾ ದೇಶದ ಒಂದು ಕಟ್ಟಡದ ವೃತ್ತಾಂತವನ್ನು ಓದಿದ ಮೇಲೆಯೇ.

1893ರಲ್ಲಿ ವಿವೇಕಾನಂದ ಸ್ವಾಮಿಗಳು ಉಪನ್ಯಾಸಮಾಡಿದ ಚಿಕಾಗೋ ನಗರದ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಅಲ್ಲಿಯ ಮಿಷಿಗನ್ ರಾಜಬೀದಿಯಲ್ಲಿ, ಗಗನಚುಂಬಿಗಳಾದ ಸೌಧಗಳ ನಡುವೆ, ಹಳದಿ ಛಾಯೆಯ ಸುಣ್ಣಕಲ್ಲಿನಿಂದ ಕಟ್ಟಿದ ಗೋಪುರವೊಂದು ನಿಂತಿದೆ. ಬಾಯಿಂಗ್ಟನ್ ಎಂಬ ಶಿಲ್ಪಿಯ ಯೋಜನೆಯಂತೆ ಅದು 1869ರಲ್ಲಿ ಪೂರ್ಣವಾಯಿತು.

ವಾಚಕರು ಇದನ್ನು ನೀರು ತುಂಬಿಡುವ ತೊಟ್ಟಿಯೆಂದು ಭಾವಿಸಬಾರದು. ಊರಿನ ಕೊಳಚೆಯು ಸರೋವರದ ದಡದ ನೀರನ್ನು ಕೆಡಿಸಿದ್ದುದರಿಂದ, ಚಿಕಾಗೋ ಜನರು ಸರೋವರದ ತಳದ ಕೆಳಗೆ ಎರಡು ಮೈಲಿ ಸುರಂಗವನ್ನು ತೋಡಿ, 1867ರಲ್ಲಿ ನಿರ್ಮಲ ಜಲವನ್ನು ತಂದರು. ಅದನ್ನು ಊರಿನ ಕೊಳವೆಗಳಿಗೆ ನೂಕುವ ಕೆಲಸ ಉಗಿಯಂತ್ರಗಳದು. ಯಂತ್ರವು ಒಂದೊಂದು ಸಲ ನೂಕಿದಾಗಲೂ ನೀರಿನ ಒತ್ತಡವು ನಾಡಿಯಂತೆ ಏರಿ ಇಳಿಯುತ್ತಿತ್ತು. ಈ ಏರುಪೇರನ್ನು ಸಮಮಾಡಲು 138 ಅಡಿ ಎತ್ತರದ, ಮೂರಡಿ ವ್ಯಾಸದ ಕಬ್ಬಿಣದ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿದರು. ಒತ್ತಡ ಹೆಚ್ಚಿದಾಗ ನೀರು ಅದರಲ್ಲಿ ಮೇಲೇರುವುದು. ತಗ್ಗಿದಾಗ ಇಳಿದು ಊರಿಗೆ ಹರಿಯುವುದು. ಗೋಪುರವು ಈ ಕೊಳವೆಗೆ ತೊಡಿಸಿದ ಕಲ್ಲಿನ ಅಂಗಿ.

1871ನೆಯ ಇಸವಿ ಅಕ್ಟೋಬರ್ 8ರ ರಾತ್ರಿ ನಗರಕ್ಕೆ ಬೆಂಕಿ ಬಿದ್ದಿತು. ಮಳೆಯಿಲ್ಲದೆ ಒಣಗಿದ್ದ ಊರು, ಮನೆಗಳಲ್ಲಿ ಬಹುಭಾಗ ಮರದವು, ಮೇಲೆ ಬಿರುಗಾಳಿ. ಅಗ್ನಿಯು ನದಿಯನ್ನೂ ದಾಟಿತು. ಬೆಳಗಾಗುವ ಮೊದಲೇ ಯಂತ್ರಶಾಲೆಯ ಛಾವಣಿಗೆ ಕಿಡಿ ತಗುಲಿ, ಅದು ಉರಿದು ಯಂತ್ರಗಳ ಮೇಲೆ ಕುಸಿಯಿತು. ಯಂತ್ರ ನಿಂತಿತು, ಬೆಂಕಿಯನ್ನಾರಿಸುವವರ ಕೊಳವೆಗಳಲ್ಲಿ ನೀರೂ ನಿಂತಿತು. ಅಷ್ಟು ದೊಡ್ಡ ಸರೋವರವು ಪಕ್ಕದಲ್ಲಿಯೇ ಇದ್ದರೂ ಊರನ್ನು ಉಳಿಸಲು ನೀರಿಲ್ಲದಾಯಿತು! ಕಡೆಗೆ ಮಳೆ ಬಂದು ಅಗ್ನಿಯು ಶಾಂತವಾಗುವಷ್ಟರಲ್ಲಿ ಸುಮಾರು 300 ಮಂದಿ ಮಡಿದಿದ್ದರು. ಒಂದು ಲಕ್ಷ ಜನರಿಗೆ ಮನೆಯಿರಲಿಲ್ಲ.

ಗೋಪುರ ಮಾತ್ರ ಸುಟ್ಟ ನೆಲದ ನಡುವೆ ಅಚಲವಾಗಿ ನಿಂತಿತ್ತು. ಅಂದಿನಿಂದ ಅದು ಊರವರ ಪಾಲಿಗೆ ಧೈರ್ಯದ ಕುರುಹಾಯಿತು. 1882ರಲ್ಲಿ ಅದನ್ನು ಕಂಡ ಐರ್ಲೆಂಡಿನ ಸಾಹಿತಿ ಆಸ್ಕರ್ ವೈಲ್ಡ್ ಗೋಪುರದ ಕೋಟೆವೇಷವನ್ನು ಹಾಸ್ಯಮಾಡಿದನು. ಆದರೆ ಯಂತ್ರಶಾಲೆಯ ಯಂತ್ರಗಳ ಲಯಬದ್ಧವಾದ ಚಲನೆಯನ್ನು ಮನಸಾರೆ ಹೊಗಳಿದನು. 1911ರಲ್ಲಿ ಕೊಳವೆಯನ್ನು ತೆಗೆದರು. 1918ರಲ್ಲಿ ಬೀದಿಯನ್ನು ಅಗಲಮಾಡುವಾಗ ನಕ್ಷೆಯನ್ನೇ ತಿದ್ದಿ ಗೋಪುರವನ್ನು ಉಳಿಸಿಕೊಂಡರು.

ಅದನ್ನು ಉಳಿಸಿದುದು ಯುಕ್ತವೇ. ಆದರೂ ನಮಗೆ ತೋರುವುದೇನೆಂದರೆ, ಆ ರಾತ್ರಿ ಕಲ್ಲಿನ ಅಂಗಿಯು ಗಟ್ಟಿಯಾಗಿತ್ತು, ಯಂತ್ರದ ಮೇಲಿನ ಛಾವಣಿಯು ಗಟ್ಟಿಯಾಗಿರಲಿಲ್ಲ. ನೋಡುವವರ ಕಣ್ಣಿಗೆ ಬೀಳುವುದನ್ನು ನಾವೆಲ್ಲರೂ ಭದ್ರವಾಗಿ ಕಟ್ಟುತ್ತೇವೆ. ಮನೆಯ ಮುಂಬಾಗಿಲಿಗೆ ಕೆತ್ತನೆ ಮಾಡಿಸುವವನು ಬಾವಿಯ ಹಗ್ಗವನ್ನೂ ಒಮ್ಮೆ ಎಳೆದು ನೋಡುವುದು ಒಳ್ಳೆಯದು. ಜೀವನವಿರುವುದು ಅದರ ತುದಿಯಲ್ಲಿ.