ದಾಳವಿಲ್ಲದ ರೈಲು ಆಟ

ನಮ್ಮಲ್ಲಿ ಮನೆಯೊಳಗೆ ಕುಳಿತು ಆಡುವ ಆಟ ಎಂದರೆ ಕೇರಂ, ಲೂಡೊ, ಹಾವು ಏಣಿ, ಹೆಚ್ಚೆಂದರೆ ಚೆಸ್. ಲೂಡೊದಲ್ಲಿ ಆರು ಬೀಳುವವರೆಗೆ ಸುಮ್ಮನೆ ಕಾಯಬೇಕು. ಚೆಸ್‌ನಲ್ಲಿ ಇಬ್ಬರು ಆಡುತ್ತಾರೆ, ಉಳಿದವರು ಪುಕ್ಕಟೆ ಸಲಹೆ ಕೊಡುತ್ತಾರೆ. ಮನೆಯವರೆಲ್ಲ ಒಟ್ಟಿಗೆ ಆಡಬಹುದಾದ, ತಲೆಗೂ ಸ್ವಲ್ಪ ಕೆಲಸ ಕೊಡುವ ಆಟಗಳು ಕಡಿಮೆ. ಅಂಥದ್ದೊಂದನ್ನು ಈ ರಜೆಯಲ್ಲಿ ನಾನು ಕಲಿತೆ. ಹೆಸರು ‘ಟಿಕೆಟ್ ಟು ರೈಡ್’. ದಮ್ಮಾಮ್‌ನಲ್ಲಿ ಕೆಲಸದಲ್ಲಿರುವ ಅಬ್ಬಾ ಊರಿಗೆ ಬರುವಾಗ ತಂದ ಡಬ್ಬ ಅದು. ಹಾಸ್ಟೆಲಿನಲ್ಲಿ ಅದರ ಸುದ್ದಿ ಹೇಳಿದಾಗಿನಿಂದ “ಆಡುವುದು ಹೇಗೆ?” ಎಂದು ಒಬ್ಬೊಬ್ಬರೇ ಕೇಳುತ್ತಿದ್ದಾರೆ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಈ ಆಟವನ್ನು ರೂಪಿಸಿದವರು ಅಲನ್ ಆರ್. ಮೂನ್. 2004ರಲ್ಲಿ ಬಂದ ಈ ಆಟಕ್ಕೆ ಅದೇ ವರ್ಷ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿಯೂ ಸಿಕ್ಕಿತು. ಇಬ್ಬರಿಂದ ಐವರವರೆಗೆ ಆಡಬಹುದು. ಬೋರ್ಡಿನ ಮೇಲೆ ಅಮೆರಿಕ ಮತ್ತು ಕೆನಡಾದ ದಕ್ಷಿಣ ಭಾಗದ ಭೂಪಟವಿದೆ, ಊರಿಂದೂರಿಗೆ ಬಣ್ಣಬಣ್ಣದ ಹಳಿಗಳಿವೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ 45 ಪುಟ್ಟ ಬೋಗಿಗಳು. ಜೊತೆಗೆ 110 ರೈಲು ಕಾರ್ಡ್‌ಗಳು: ಎಂಟು ಬಣ್ಣಗಳಲ್ಲಿ ತಲಾ 12, ಮೇಲೆ 14 ಎಂಜಿನ್ ಕಾರ್ಡ್. ಎಂಜಿನ್ ಯಾವ ಬಣ್ಣದ ಬದಲಿಗೂ ನಡೆಯುತ್ತದೆ. ಕೊನೆಯದಾಗಿ 30 ಟಿಕೆಟ್‌ಗಳು.

ಕಾರ್ಡ್ ಎಂದ ಕೂಡಲೇ ದಾದಿ ಕನ್ನಡಕ ಸರಿ ಮಾಡಿಕೊಂಡು, “ಪಣ ಕಟ್ಟಿ ಆಡೋದಾ ಇದು?” ಎಂದು ಕೇಳಿದರು. ಇಲ್ಲ, ಬರೀ ಅಂಕದ ಲೆಕ್ಕ ಎಂದ ಮೇಲೆಯೇ ಚಾಪೆಯ ಮೇಲೆ ಕುಳಿತರು. ಆದರೆ ನಿಯಮದ ಪುಸ್ತಕದ ಮೊದಲ ಪುಟದ ಕಥೆಯಲ್ಲಿ ಐವರು ಗೆಳೆಯರು ಹತ್ತು ಲಕ್ಷ ಡಾಲರ್ ಬಾಜಿ ಕಟ್ಟುತ್ತಾರೆ! ಅದನ್ನು ನಾವು ದಾದಿಗೆ ಓದಿ ಹೇಳಲಿಲ್ಲ. ಕಥೆಯ ದಿನ 1900ರ ಅಕ್ಟೋಬರ್ 2. ಜೂಲ್ಸ್ ವರ್ನ್ ಕಾದಂಬರಿಯ ಫಿಲಿಯಾಸ್ ಫಾಗ್ 80 ದಿನಗಳಲ್ಲಿ ಲೋಕ ಸುತ್ತುತ್ತೇನೆ ಎಂದು ಹೊರಟು ಅಂದಿಗೆ ಸರಿಯಾಗಿ 28 ವರ್ಷ. ಆ ಫಾಗ್ ನಮ್ಮ ಬೊಂಬಾಯಿಯಿಂದ ರೈಲು ಹತ್ತಿ, ಮುಂದೆ ಹಳಿಯೇ ಇಲ್ಲವೆಂದು ತಿಳಿದು ಅಲಹಾಬಾದಿಗೆ ಆನೆಯ ಮೇಲೆ ಹೋದವನು. ನಮ್ಮ ಆಟದಲ್ಲಿ ಆನೆ ಸಿಗುವುದಿಲ್ಲ. ಹಳಿ ತಪ್ಪಿದರೆ ಸುತ್ತಿ ಹೋಗಬೇಕು ಅಷ್ಟೆ.

ಈಗ ಆಟಕ್ಕೆ ಬರೋಣ. ಪ್ರತಿ ಟಿಕೆಟ್‌ನಲ್ಲಿ ಎರಡು ಊರು ಮತ್ತು ಒಂದು ಅಂಕ ಇರುತ್ತದೆ. ಡೆನ್ವರ್–ಎಲ್ ಪಾಸೊ ಸಣ್ಣದು, 4 ಅಂಕ. ಸಿಯಾಟಲ್–ನ್ಯೂಯಾರ್ಕ್ ದೇಶದ ಆ ತುದಿಯಿಂದ ಈ ತುದಿ, 22 ಅಂಕ. ಆ ಎರಡು ಊರುಗಳ ನಡುವೆ ನಿಮ್ಮದೇ ಬೋಗಿಗಳ ಸಾಲು ಎಲ್ಲೂ ತುಂಡಾಗದೆ ಹೋದರೆ ಅಂಕ ನಿಮ್ಮದು. ಹೋಗದಿದ್ದರೆ ಅಷ್ಟೇ ಅಂಕ ಕಳೆಯುತ್ತಾರೆ. ಅಂದರೆ 20ರ ಟಿಕೆಟ್ ಮುಗಿದಿದ್ದಕ್ಕೂ ಮುಗಿಯದಿದ್ದಕ್ಕೂ ಅಂತರ 40. ಆರಂಭದಲ್ಲಿ ನಾಲ್ಕು ರೈಲು ಕಾರ್ಡ್, ಮೂರು ಟಿಕೆಟ್ ಕೊಡುತ್ತಾರೆ. ಟಿಕೆಟ್‌ಗಳಲ್ಲಿ ಕನಿಷ್ಠ ಎರಡನ್ನು ಇಟ್ಟುಕೊಳ್ಳಲೇಬೇಕು. ಯಾರಿಗೂ ತೋರಿಸಬಾರದು. ಟಿಕೆಟ್ ಮೇಲೆ ಊರುಗಳನ್ನು ಚಿಕ್ಕ ನಕ್ಷೆಯಲ್ಲೂ ಗುರುತಿಸಿರುತ್ತಾರೆ. ಹಾಗಾಗಿ ಇಂಗ್ಲಿಷ್ ಓದಲು ಬಾರದ ದಾದಿಗೂ ತೊಂದರೆಯಾಗಲಿಲ್ಲ.

ಸರದಿ ಬಂದಾಗ ಮೂರರಲ್ಲಿ ಒಂದೇ ಕೆಲಸ ಮಾಡಬಹುದು. ಎರಡು ರೈಲು ಕಾರ್ಡ್ ಎತ್ತಿಕೊಳ್ಳುವುದು, ಒಂದು ಹಳಿ ಹಿಡಿಯುವುದು, ಅಥವಾ ಇನ್ನೂ ಮೂರು ಟಿಕೆಟ್ ತೆಗೆದು ಅವುಗಳಲ್ಲಿ ಒಂದನ್ನಾದರೂ ಇಟ್ಟುಕೊಳ್ಳುವುದು. ಐದು ಕಾರ್ಡ್‌ಗಳು ಯಾವಾಗಲೂ ಮುಖ ಮೇಲಾಗಿ ಬಿದ್ದಿರುತ್ತವೆ, ಅವುಗಳಿಂದಲೂ ಕಟ್ಟಿನಿಂದಲೂ ಎತ್ತಬಹುದು. ಕಣ್ಣೆದುರಿನ ಎಂಜಿನ್ ಎತ್ತಿದರೆ ಆ ಸರದಿಗೆ ಅದೊಂದೇ. ಹಳಿ ಹಿಡಿಯಲು ಅದರಲ್ಲಿ ಎಷ್ಟು ಮನೆಗಳಿವೆಯೋ ಅಷ್ಟು ಅದೇ ಬಣ್ಣದ ಕಾರ್ಡ್ ಕೊಟ್ಟು ಬೋಗಿ ಜೋಡಿಸಬೇಕು. ಬೂದು ಹಳಿಗೆ ಯಾವ ಬಣ್ಣವಾದರೂ ಆಗುತ್ತದೆ, ಆದರೆ ಎಲ್ಲವೂ ಒಂದೇ ಬಣ್ಣದ್ದಾಗಿರಬೇಕು. ಕೆಲವು ಊರುಗಳ ನಡುವೆ ಜೋಡಿ ಹಳಿ ಇದೆ. ಇಬ್ಬರು ಅಥವಾ ಮೂವರು ಆಡುವಾಗ ಅದರಲ್ಲಿ ಒಂದನ್ನು ಮಾತ್ರ ಬಳಸಬಹುದು.

ನಿಯಮ ಇಷ್ಟೇ. ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ. ಕಷ್ಟವಿರುವುದು ಬೇರೆ ಕಡೆ: ಕಾರ್ಡ್ ಕೂಡಿಡುತ್ತಾ ಹೋಗಬೇಕೋ, ಈಗಲೇ ಹಳಿ ಹಿಡಿಯಬೇಕೋ?

ಹಳಿಯ ಅಂಕಗಳನ್ನು ನೋಡಿ. ಒಂದು ಬೋಗಿಯ ಹಳಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 7, ಐದಕ್ಕೆ 10, ಆರಕ್ಕೆ 15. ಮೂರು ಬೋಗಿಯ ಎರಡು ಹಳಿ ಹಾಕಿದರೆ 8 ಬರುತ್ತದೆ, ಆರರ ಒಂದೇ ಹಳಿಗೆ ಸುಮಾರು ಅದರ ಎರಡರಷ್ಟು. ಸರದಿಗಳ ಲೆಕ್ಕ ಹಾಕಿದರೂ ಹಾಗೆಯೇ. ಆರು ಕಾರ್ಡ್ ಎತ್ತಲು ಮೂರು ಸರದಿ, ಹಾಕಲು ಒಂದು, ನಾಲ್ಕು ಸರದಿಗೆ 15 ಅಂಕ. ಮೂರರ ಎರಡು ಹಳಿಗಾದರೆ ಐದು ಸರದಿ, 8 ಅಂಕ. ಹಾಗಾದರೆ ಉದ್ದ ಹಳಿಯನ್ನೇ ಹಿಡಿಯಬೇಕಲ್ಲವೇ? ಹೌದು, ಬೇಕಾದ ಬಣ್ಣವೇ ಬಂದರೆ! ಒಂದು ಬಣ್ಣಕ್ಕೆ ಇರುವುದು 12 ಕಾರ್ಡ್. ಆರು ಬೇಕೆಂದರೆ ಅದರ ಅರ್ಧ. ಎದುರಿನವರಿಗೂ ಕೆಂಪೇ ಬೇಕಿದ್ದರೆ ಇಬ್ಬರೂ ಕಾಯುತ್ತಾ ಕೂರುತ್ತೀರಿ. ಆ ಹೊತ್ತಿಗೆ ಮೂರನೆಯವರು ನಿಮಗೆ ಬೇಕಾದ ಸಣ್ಣ ಹಳಿ ಹಿಡಿದಿರುತ್ತಾರೆ.

ನಮ್ಮ ಮನೆಯಲ್ಲಿ ಆದದ್ದೂ ಅದೇ. ಅಬ್ಬಾ ಬಂದಿದ್ದು ಎರಡು ವರ್ಷದ ನಂತರ. ಮೊದಲ ವಾರವೆಲ್ಲ ತಂಗಿ ಅವರ ಮುಂದೆ “ಹ್ಞೂಂ”, “ಊಹೂಂ” ಬಿಟ್ಟರೆ ಮಾತೇ ಆಡಿರಲಿಲ್ಲ. ಮೂರನೆಯ ಆಟದಲ್ಲಿ ಅಬ್ಬಾಗೆ ಲಾಸ್ ಏಂಜಲೀಸ್–ಮಯಾಮಿ ಟಿಕೆಟ್ ಬಂದಿತ್ತು, 20 ಅಂಕದ್ದು. ದಕ್ಷಿಣದ ಅಂಚಿನಲ್ಲೇ ಹೋದರೆ ಲಾಸ್ ಏಂಜಲೀಸ್‌ನಿಂದ ಎಲ್ ಪಾಸೊ ಆರು, ಅಲ್ಲಿಂದ ಹ್ಯೂಸ್ಟನ್ ಆರು, ಹ್ಯೂಸ್ಟನ್‌ನಿಂದ ನ್ಯೂ ಓರ್ಲಿಯನ್ಸ್ ಬೂದು ಬಣ್ಣದ ಎರಡು, ಕೊನೆಗೆ ಮಯಾಮಿ ಆರು. ಒಟ್ಟು 20 ಬೋಗಿ. ಹಳಿಗೇ 47 ಅಂಕ, ಟಿಕೆಟ್ ಸೇರಿ 67! ಅವರು ಎರಡು ದೊಡ್ಡ ಹಳಿ ಹಾಕಿ, ಮೂರನೆಯದಕ್ಕೆ ಕೆಂಪು ಕೂಡಿಡುತ್ತಾ ಇದ್ದರು. ತಂಗಿಯ ಕೈಯಲ್ಲಿ ಕಾನ್ಸಾಸ್ ಸಿಟಿ–ಹ್ಯೂಸ್ಟನ್ 5, ಷಿಕಾಗೊ–ನ್ಯೂ ಓರ್ಲಿಯನ್ಸ್ 7. ಅವಳು ಎರಡು ಹಸಿರು ಕಾರ್ಡ್ ಕೊಟ್ಟು ಹ್ಯೂಸ್ಟನ್–ನ್ಯೂ ಓರ್ಲಿಯನ್ಸ್ ನಡುವೆ ಬೋಗಿ ಇಟ್ಟಳು. ಅಬ್ಬಾ “ಅರೆ!” ಎಂದು ಹಣೆಗೆ ಕೈ ಹಚ್ಚಿದರು. ಅವಳಿಗೆ ನಗು ತಡೆಯಲಾಗಲಿಲ್ಲ.

ಆ ಎರಡು ಬೋಗಿಯ ಜಾಗಕ್ಕೆ ಬದಲಾಗಿ ಅಬ್ಬಾ ಡಲ್ಲಾಸ್, ಲಿಟಲ್ ರಾಕ್ ಸುತ್ತಿ ಬರಬೇಕಾಯಿತು. ಆರು ಬೋಗಿ, ಮೂರು ಹಳಿ. ಮಯಾಮಿ ತಲುಪುವ ಮೊದಲೇ ಆಟ ಮುಗಿಯಿತು, 20 ಅಂಕ ಹೋಯಿತು. ಅಬ್ಬಾ ದಮ್ಮಾಮ್‌ಗೆ ಮರಳಿ ಒಂದೂವರೆ ತಿಂಗಳಾಯಿತು. ಫೋನಿನಲ್ಲಿ ಅವರಿಬ್ಬರ ಮಾತು ಈಗಲೂ ಹ್ಯೂಸ್ಟನ್‌ನಿಂದಲೇ ಶುರುವಾಗುತ್ತದೆ.

ಇದರಲ್ಲೊಂದು ಲೆಕ್ಕವಿದೆ. ಆರರ ಹಳಿಯನ್ನು ಬೇರೆಯವರು ಸುಮ್ಮನೆ ಹಿಡಿಯಲಾರರು, ಆರು ಒಂದೇ ಬಣ್ಣದ ಕಾರ್ಡ್ ಬೇಕು. ಎರಡರ ಬೂದು ಹಳಿಯನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಹಿಡಿಯಬಹುದು. ಆದ್ದರಿಂದ ನಿಮ್ಮ ದಾರಿಯಲ್ಲಿ ಜೋಡಿ ಇಲ್ಲದ ಸಣ್ಣ ಕೊಂಡಿ ಇದ್ದರೆ ಅದನ್ನು ಮೊದಲು ಹಾಕಿ. ಅಂಕ ಬರುವುದು ಎರಡೇ ಇರಬಹುದು, ಉಳಿಯುವುದು ಹೆಚ್ಚು.

ಯಾರ ಬಳಿಯಾದರೂ ಎರಡು ಅಥವಾ ಅದಕ್ಕಿಂತ ಕಡಿಮೆ ಬೋಗಿ ಉಳಿದರೆ, ಅವರೂ ಸೇರಿ ಎಲ್ಲರಿಗೂ ಇನ್ನೊಂದು ಸರದಿ. ಅಲ್ಲಿಗೆ ಮುಗಿಯಿತು. ಅತಿ ಉದ್ದದ ನಿರಂತರ ಸಾಲು ಯಾರದೋ ಅವರಿಗೆ 10 ಅಂಕ ಹೆಚ್ಚುವರಿ. ಹೊಸಬರು ಇದರ ಹಿಂದೆ ಬೀಳದಿರುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಟಿಕೆಟ್ ಸರಿಯಾಗಿ ಜೋಡಿಸಿದರೆ ಅದು ಎಷ್ಟೋ ಸಲ ತಾನಾಗಿ ಬರುತ್ತದೆ. ಎದುರಿನವರ ಬೋಗಿ ರಾಶಿ ಹತ್ತಕ್ಕೆ ಇಳಿದ ಮೇಲೆ ಹೊಸ ಟಿಕೆಟ್ ತೆಗೆಯುವ ಧೈರ್ಯವನ್ನೂ ಮಾಡಬೇಡಿ.

ಇದೇ ಆಟದ ಯುರೋಪ್ ಭೂಪಟದಲ್ಲಿ ಸುರಂಗಗಳಿವೆ. ಸುರಂಗಕ್ಕೆ ಕಾರ್ಡ್ ಕೊಟ್ಟ ಮೇಲೆ ಕಟ್ಟಿನಿಂದ ಮೂರು ಕಾರ್ಡ್ ತಿರುಗಿಸಬೇಕು. ಅದರಲ್ಲಿ ನಿಮ್ಮ ಬಣ್ಣವೋ ಎಂಜಿನ್ನೋ ಬಂದಷ್ಟು ಕಾರ್ಡ್ ಹೆಚ್ಚಿಗೆ ತೆರಬೇಕು. ಬೆಟ್ಟ ಕೊರೆಯುವಾಗ ಒಳಗೆ ಏನಿದೆಯೋ ಗೊತ್ತಿಲ್ಲವಲ್ಲ, ಹಾಗೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಲ್ಲಿ 57 ಸುರಂಗ ದಾಟಿದವರಿಗೆ ಈ ನಿಯಮ ವಿವರಿಸುವ ಅಗತ್ಯವಿಲ್ಲ. 2011ರಲ್ಲಿ ಭಾರತದ ಭೂಪಟವೂ ಬಂದಿದೆ. ಅದರಲ್ಲಿ ಟಿಕೆಟ್‌ನ ಎರಡು ಊರುಗಳನ್ನು ಎರಡು ಬೇರೆ ದಾರಿಗಳಲ್ಲಿ ಜೋಡಿಸಿದರೆ ಹೆಚ್ಚುವರಿ ಅಂಕವಿದೆ. ಅದು ನನಗೆ ಇನ್ನೂ ಸಿಕ್ಕಿಲ್ಲ.

ಮಧ್ಯಾವಧಿ ಪರೀಕ್ಷೆ ಮುಗಿದ ಶನಿವಾರ ಡಬ್ಬವನ್ನು ಹಾಸ್ಟೆಲಿಗೆ ತರುತ್ತೇನೆ. ಒಂದು ಆಟಕ್ಕೆ ಒಂದು ಗಂಟೆ ಸಾಕು. ನನ್ನನ್ನು ಬಿಟ್ಟು ನಾಲ್ವರಿಗೆ ಜಾಗವಿದೆ, ಮೊದಲು ಹೆಸರು ಕೊಟ್ಟವರಿಗೆ ಮೊದಲು. ಬೋಗಿಗಳನ್ನು ಮಾತ್ರ ಎಣಿಸಿ ಮರಳಿಸಬೇಕು. ತಂಗಿ ಎಣಿಸಿಯೇ ಕೊಡುತ್ತಾಳೆ.